ಡೌನ್ ಪೇಮೆಂಟ್ ಕೂಡಿಟ್ಟಾಯ್ತು, ಉಳಿತಾಯವೆಲ್ಲ ಅದಕ್ಕೇ ಸರಿಹೋಗುತ್ತೆ. ಇಎಂಐ ಹೆಚ್ಚುಕಡಿಮೆ ಬಾಡಿಗೆಯಷ್ಟೇ ಬರುತ್ತೆ, ಬಾಡಿಗೆ ಕಟ್ಟೋದು ದಂಡ ಅನ್ನಿಸುತ್ತೆ. ಮೊದಲ ಮನೆ ಕೊಳ್ಳಬಹುದಾ?

ಇನ್ನೂ ಬೇಡ. ಉಳಿತಾಯವೆಲ್ಲ ಡೌನ್ ಪೇಮೆಂಟ್‌ಗೆ ಸರಿಹೋಗುತ್ತೆ ಅಂತ ನೀವೇ ಬರೆದಿದ್ದೀರಲ್ಲ, ನಾನು ಸಿಕ್ಕಿಬಿದ್ದಿದ್ದೂ ಅಲ್ಲೇ.

ಸಾಲ ಕಡಿಮೆಯಾದಷ್ಟೂ ಒಳ್ಳೆಯದು ಅಂತ ಎಫ್‌ಡಿ ಮುರಿಸಿ, ಬ್ಯಾಂಕ್ ಕೇಳಿದ್ದಕ್ಕಿಂತ 5 ಲಕ್ಷ ಹೆಚ್ಚಿಗೇ ಕಟ್ಟಿದೆ. ಜಾಣತನ ಅಂದುಕೊಂಡಿದ್ದೆ. ಆಮೇಲೆ ಶುರುವಾಯ್ತು ನೋಡಿ: ನೋಂದಣಿ ಖರ್ಚು, ವಕೀಲರ ಫೀಸು, ಪ್ರೊಸೆಸಿಂಗ್ ಚಾರ್ಜು. ಮನೆಯ ಬೆಲೆ ಅಂತ ಹೇಳ್ತಾರಲ್ಲ, ಅದರಲ್ಲಿ ಇವು ಇರೋದಿಲ್ಲ. ಬೀಗದ ಕೈ ಸಿಕ್ಕಿ ಒಳಗೆ ಹೋದರೆ ಅಡುಗೆಮನೆಯಲ್ಲಿ ಬರೀ ಕಲ್ಲಿನ ಕಟ್ಟೆ, ಕೋಣೆ ಕೋಣೆಯಲ್ಲೂ ಸೂರಿನಿಂದ ಎರಡೆರಡು ವೈರು ನೇತಾಡ್ತಿವೆ. ಫ್ಯಾನೂ ಇಲ್ಲ, ಬಲ್ಬೂ ಇಲ್ಲ. ಖಾತೆ ಖಾಲಿ. ಪರ್ಸನಲ್ ಲೋನ್ ತೆಗೆದೆ, ಅದೂ ಸರಿಯಾಗಿ 5 ಲಕ್ಷ!

ಈಗ ಲೆಕ್ಕ ಹಾಕಿ. ಗೃಹಸಾಲ ಶೇ. 9ರ ಬಡ್ಡಿಗೆ 20 ವರ್ಷದ್ದು. 5 ಲಕ್ಷ ಹೆಚ್ಚು ಕಟ್ಟಿದ್ದರಿಂದ ಇಎಂಐಯಲ್ಲಿ ತಿಂಗಳಿಗೆ ಉಳಿದದ್ದು ಸುಮಾರು 4,500. ಅದೇ 5 ಲಕ್ಷವನ್ನು ಶೇ. 14ಕ್ಕೆ, 5 ವರ್ಷಕ್ಕೆ ತಂದಿದ್ದಕ್ಕೆ ತಿಂಗಳಿಗೆ ತೆತ್ತಿದ್ದು 11,600 ಚಿಲ್ಲರೆ. ಅಗ್ಗದ ಸಾಲ ತಗ್ಗಿಸೋಕೆ ಹೋಗಿ ದುಬಾರಿ ಸಾಲ ಮೈಮೇಲೆ ಎಳ್ಕೊಂಡೆ. ದುಡ್ಡು ಕೈಯಲ್ಲಿದ್ದಿದ್ದರೆ ವರ್ಷ ಬಿಟ್ಟೂ ಗೃಹಸಾಲಕ್ಕೆ ಕಟ್ಟಬಹುದಿತ್ತು. ಗೋಡೆಗೆ ಹೋದ ದುಡ್ಡು ವಾಪಸ್ ಬೇಕು ಅಂದರೆ ಮತ್ತೆ ಸಾಲದ ಅರ್ಜಿಯೇ ಗತಿ.

ಇನ್ನು, ಇಎಂಐ ಬಾಡಿಗೆಯಷ್ಟೇ ಅಲ್ವಾ, ಬಾಡಿಗೆ ದಂಡ ಅಂತೀರಲ್ಲ, ಅದನ್ನು ನಾನು ಒಪ್ಪಲ್ಲ. ಇದೇ ದರದಲ್ಲಿ 1 ಲಕ್ಷಕ್ಕೆ ಇಎಂಐ ಸುಮಾರು 900. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೇ ಹೋಗುತ್ತೆ, ಅಂದರೆ ಬಾಡಿಗೆಯೇ, ಬ್ಯಾಂಕಿಗೆ ಅಷ್ಟೇ. 14 ವರ್ಷ ಕಟ್ಟಿದ ಮೇಲೂ ಅರ್ಧ ಅಸಲು ಬಾಕಿ ಇರುತ್ತೆ. ಫ್ಲೋಟಿಂಗ್ ದರವಾದರೆ, ಅಂದರೆ ಆಗಾಗ ಏರಿಳಿಯೋ ಬಡ್ಡಿಯಾದರೆ, ಇನ್ನೂ ಮಜಾ: ಶೇ. 7ಕ್ಕೆ 20 ವರ್ಷದ ಸಾಲ ತಗೊಂಡ ಹೊಸತರಲ್ಲೇ ದರ 9ಕ್ಕೇರಿ, ನೀವು ಇಎಂಐ ಏರಿಸದೆ ಅವಧಿ ಎಳೀತಾ ಹೋದರೆ, ತೀರೋಕೆ 38 ವರ್ಷ ಬೇಕು. ಜೊತೆಗೆ ನಲ್ಲಿ ಸೋರಿದರೆ ಫೋನ್ ಮಾಡೋಕೆ ಓನರ್ರೂ ಇರಲ್ಲ.

ಬ್ಯಾಂಕ್ ಎಷ್ಟು ಕೊಡುತ್ತೆ ಅನ್ನೋದನ್ನು ಮರೆತುಬಿಡಿ. ಅದು ನೋಡೋದು ತನ್ನ ದುಡ್ಡು ವಾಪಸ್ ಬರುತ್ತಾ ಅಂತ ಮಾತ್ರ. ಡೌನ್ ಪೇಮೆಂಟ್, ನೋಂದಣಿ, ಒಳಗಿನ ಕೆಲಸ ಎಲ್ಲ ಕಳೆದು ಆರು ತಿಂಗಳ ಮನೆಖರ್ಚು ಮತ್ತು ಇಎಂಐ ಕೈಯಲ್ಲಿ ಉಳೀಬೇಕು. ಇಎಂಐ, ಮೇಂಟೆನೆನ್ಸ್, ತೆರಿಗೆ ಕೂಡಿಸಿ, ಅದರಲ್ಲಿ ಈಗಿನ ಬಾಡಿಗೆ ಕಳೆಯಿರಿ. ಮಿಕ್ಕಿದ್ದನ್ನು ಸಂಬಳದ ದಿನವೇ ಬೇರೆ ಖಾತೆಗೆ ಹಾಕಿ. ಒಂದು ವರ್ಷ ಅದಕ್ಕೆ ಕೈ ಹಾಕದೆ ಇದ್ದರೆ ಮನೆ ನೋಡೋಕೆ ಹೊರಡಿ.

ಅಷ್ಟರಲ್ಲಿ ಬೆಲೆ ಏರಿಬಿಡುತ್ತೆ ಅಂತ ಹೆದರಿಸೋರು ಇದ್ದೇ ಇರ್ತಾರೆ. ಏರಲಿ. ಒಂದು ಕೋಣೆ ಕಡಿಮೆ ಇರೋ ಮನೆ ತಗೊಳ್ಳಿ.