ಸಣ್ಣ ಟ್ರ್ಯಾಕ್ಟರ್ ಸಾಗಿಸಲು ಟ್ರೈಲರ್: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ತೀರ್ಥಹಳ್ಳಿಯ ತೋಟದಿಂದ ಹೊಸನಗರದ ಗದ್ದೆಗೆ 24 ಎಚ್‌ಪಿ ಟ್ರ್ಯಾಕ್ಟರನ್ನು ಪಿಕಪ್ಪಿನ ಹಿಂದೆ ಒಯ್ಯಲು ಒಂದು ಟನ್ ಹೊರುವ ಟ್ರೈಲರ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಈ ವರ್ಗದ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ 650ರಿಂದ 900 ಕೆ.ಜಿ. ತೂಗುತ್ತವೆ, ಅದರ ಮೇಲೆ ರೋಟಾವೇಟರ್ (ಹಿಂದೆ ಜೋಡಿಸುವ ಉಳುವ ಯಂತ್ರ), ಹಿಡಿತಕ್ಕೆಂದು ಹಿಂಚಕ್ರದ ಟೈರಿಗೆ ತುಂಬಿಸಿದ ನೀರು ಸೇರಿದರೆ ಮಿತಿ ಮೀರುವುದು ಸುಲಭ. ಟ್ರೈಲರಿನ ಸ್ವಂತ ತೂಕವನ್ನೂ ಕೂಡಿಸಿ, ನಿಮ್ಮ ಪಿಕಪ್ ಎಳೆಯಬಹುದಾದ ತೂಕ ಎಷ್ಟೆಂದು ಕಂಪನಿಯ ಕೈಪಿಡಿಯಲ್ಲಿ ಮೊದಲು ನೋಡಿ.

ಎರಡು ಆಕ್ಸಲ್ (ಚಕ್ರಗಳ ಅಚ್ಚು) ಇರುವ, ತನ್ನದೇ ಬ್ರೇಕ್ ಉಳ್ಳ ಟ್ರೈಲರನ್ನೇ ಆರಿಸಿ. ನಮ್ಮ ಕಡೆಯ ಇಳಿಜಾರಿನ ತಿರುವುಗಳಲ್ಲಿ, ಅದೂ ಮಳೆಗಾಲದಲ್ಲಿ, ಬ್ರೇಕಿಲ್ಲದ ಟ್ರೈಲರ್ ಹಿಂದಿನಿಂದ ವಾಹನವನ್ನೇ ನೂಕುತ್ತದೆ; ಅಗ್ಗವೆಂದು ಅದನ್ನು ಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ. ಟ್ರ್ಯಾಕ್ಟರಿನ ಭಾರ ಹಿಂಚಕ್ರಗಳ ಮೇಲೆಯೇ ಹೆಚ್ಚಿರುವುದರಿಂದ, ಟ್ರೈಲರ್ ಮತ್ತು ಹೊರೆಯ ಒಟ್ಟು ತೂಕದ ಶೇ. 10ರಿಂದ 15ರಷ್ಟು ಪಿಕಪ್ಪಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳುವಂತೆ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಸರಿಸಿ ನಿಲ್ಲಿಸಬೇಕು. ಭಾರ ಹಿಂದಕ್ಕೆ ಹೋದರೆ ಟ್ರೈಲರ್ ಬಾಲ ಆಡಿಸಲು, ಎಂದರೆ ಅಕ್ಕಪಕ್ಕಕ್ಕೆ ಓಲಾಡಲು, ತೊಡಗುತ್ತದೆ.

ಹತ್ತಿಸುವಾಗ ಅಡಿಕೆ ಮರದ ದಬ್ಬೆಗಳನ್ನು ನೆಚ್ಚಬೇಡಿ. ಟೈರಿನ ಉಬ್ಬುಗಳ ನಡುವೆ ಮೆತ್ತಿದ ಕೆಮ್ಮಣ್ಣು ಒದ್ದೆ ಹಲಗೆಯ ಮೇಲೆ ಸಾಬೂನಿನಂತೆ ಜಾರುತ್ತದೆ. ಜಾಲರಿಯ ಕಬ್ಬಿಣದ ರ‍್ಯಾಂಪ್ ಉದ್ದವಾಗಿದ್ದಷ್ಟೂ ಒಳ್ಳೆಯದು. ಹ್ಯಾಂಡ್‌ಬ್ರೇಕ್ ಹಾಕಿ, ನಾಲ್ಕು ಮೂಲೆಗಳಿಂದ ಸರಪಳಿ ಬಿಗಿದು, ಎರಡು ಕಿಲೋಮೀಟರ್ ಸಾಗಿದ ಮೇಲೆ ಒಮ್ಮೆ ಇಳಿದು ಮತ್ತೆ ಬಿಗಿಯಿರಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ.