ಹಳ್ಳಿಯಲ್ಲಿರುವ ಅಂಗವಿಕಲರಿಗೆ ಕೆಲಸ ಸಿಗ್ಲಿಕ್ಕೆ ಏನು ದಾರಿ ಉಂಟು?

ತಮ್ಮನಿಗೆ ಒಂದು ಕಾಲು ಸ್ವಾಧೀನ ಇಲ್ಲ, ಪಿಯುಸಿ ಆಗಿದೆ, ಬೆಳ್ತಂಗಡಿ ಕಡೆ ಹಳ್ಳಿ ಅಂದ್ರಿ. ಮೊದ್ಲು ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ ಉಂಟಾ ನೋಡಿ, ಇಲ್ಲದಿದ್ರೆ ಆನ್‌ಲೈನಲ್ಲಿ ಅರ್ಜಿ ಹಾಕಿ. ವೈಕಲ್ಯ 40% ಅಥವಾ ಜಾಸ್ತಿ ಇದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ 4% ಮೀಸಲಾತಿ ಉಂಟು, ಆದ್ರೆ ಅದನ್ನೇ ಕಾದು ಕೂತ್ರೆ ವಯಸ್ಸಾಗ್ತದೆ ಮಾರಾಯ್ರೆ.

ನಮ್ಮ ಪಕ್ಕದ ಮನೆ ಹುಡುಗನಿಗೆ ಮಂಗಳೂರಲ್ಲಿ ಕೆಲಸ ಸಿಕ್ಕಿತ್ತು, ಬಸ್ಸಿನ ಮೆಟ್ಟಿಲು ಅಷ್ಟೆತ್ತರ, ಇವನು ಕಂಬಿ ಹಿಡಿಯುವ ಮೊದ್ಲೇ ಕಂಡಕ್ಟರ್ ಸೀಟಿ ಊದ್ತಾನೆ, ಮೂರೇ ತಿಂಗಳಲ್ಲಿ ಬಿಟ್ಟ. ಈಗ ಮನೆ ಹತ್ರದ ಕ್ರಾಸಲ್ಲೇ ಮೊಬೈಲ್ ರಿಪೇರಿ, ಕೂತು ಮಾಡ್ಲಿಕ್ಕೆ ಅವನ ಅಳತೆಗೇ ಟೇಬಲ್ ಮಾಡಿಸಿದ್ದು. ಹಾಗಾಗಿ ಕೆಲಸ ಹುಡುಕುವಾಗ ಹೋಗಿ ಬರುವ ದಾರಿಯನ್ನೂ ನೋಡಿ.

ನಿಮ್ಗೆ ಉಜಿರೆ ಹತ್ರ ಅಲ್ವಾ, ಅಲ್ಲಿ 1982ರಿಂದ ರುಡ್‌ಸೆಟ್ ಅಂತ ತರಬೇತಿ ಸಂಸ್ಥೆ ಉಂಟು, ಊಟ ವಸತಿ ಕೊಟ್ಟು ಫ್ರೀಯಾಗಿ ಸ್ವಉದ್ಯೋಗ ಕಲಿಸ್ತಾರೆ. ಆಮೇಲೆ ಬ್ಯಾಂಕಿಗೆ ಹೋದ್ರೆ ಪಿಎಂಇಜಿಪಿ ಅಂತ ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರದ ಲೋನ್ ಯೋಜನೆ ಉಂಟು, ಅದ್ರಲ್ಲಿ ಹಳ್ಳಿಯ ಅಂಗವಿಕಲರಿಗೆ ಒಟ್ಟು ಖರ್ಚಿನ 35% ಸಬ್ಸಿಡಿ ಇಟ್ಟಿದ್ದಾರೆ, ಕೈಯಿಂದ ಹಾಕ್ಬೇಕಾದ್ದು 5%.

ಈ ಅರ್ಜಿಗೆಲ್ಲ ಪಂಚಾಯತಿನ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡೀರಿ, ಅವರೂ ಅಂಗವಿಕಲರೇ ಆಗಿರ್ತಾರೆ, ಕಷ್ಟ ಗೊತ್ತಿರ್ತದೆ.