ಎಣ್ಣೆ ನೀರಿಗಿಂತ ‘ದಪ್ಪ’ಗಿದ್ದರೂ ತೇಲುವುದೇಕೆ? ಏಳನೇ ತರಗತಿಗೆ ಹೇಗೆ ವಿವರಿಸಲಿ?

ಗದಗದ ನಮ್ಮ ಶಾಲೆಯಲ್ಲಿಯೂ ಮಕ್ಕಳು ಎಡವುವುದು ಈ ‘ದಪ್ಪ’ ಎಂಬ ಪದದಲ್ಲಿಯೇ. ಎಣ್ಣೆ ನಿಧಾನವಾಗಿ ಹರಿಯುವುದು ಸ್ನಿಗ್ಧತೆಯಿಂದ, ಅಂದರೆ ಹರಿಯುವುದಕ್ಕೆ ದ್ರವವೇ ಒಡ್ಡುವ ತಡೆಯಿಂದ. ತೇಲುವುದು, ಮುಳುಗುವುದು ಸಾಂದ್ರತೆಯ ಮಾತು, ಅಂದರೆ ಒಂದೇ ಅಳತೆಯಲ್ಲಿ ಯಾವುದು ಹೆಚ್ಚು ತೂಗುತ್ತದೆ ಎಂಬುದು. ಬಾಯಲ್ಲಿ ಹೇಳಿದರೆ ಪರೀಕ್ಷೆಯವರೆಗೂ ಉಳಿಯುವುದಿಲ್ಲ, ತೂಗಿಸಿ. 100 ಮಿಲಿಲೀಟರ್ ನೀರು ಸುಮಾರು 100 ಗ್ರಾಂ ತೂಗಿದರೆ, ಅಷ್ಟೇ ಕುಸುಬೆ ಎಣ್ಣೆ ಸುಮಾರು 92 ಗ್ರಾಂ. (ಪಾತ್ರೆಯ ತೂಕ ಕಳೆಯಿರಿ, ನಾನು ಒಮ್ಮೆ ಮರೆತು ತರಗತಿಯೆದುರು ಪೇಚಿಗೆ ಸಿಲುಕಿದ್ದೆ.) ಆಮೇಲೆ ಎಣ್ಣೆಗಿಂತಲೂ ದಪ್ಪನೆಯ ಬೆಲ್ಲದ ಪಾಕವನ್ನು ತಣ್ಣಗಾಗಿಸಿ, ನೀರಿಗೆ ಮೆಲ್ಲಗೆ ಸುರಿಯಿರಿ: ತಳ ಸೇರುತ್ತದೆ. ದಪ್ಪಗಿರುವ ಎರಡರಲ್ಲಿ ಒಂದು ಮೇಲೆ, ಒಂದು ಕೆಳಗೆ! ಸಮಯವಿದ್ದರೆ ಬರೀ ಎಣ್ಣೆಯಲ್ಲಿ ಮಂಜುಗಡ್ಡೆಯ ತುಂಡು ಹಾಕಿ. ಎರಡರ ಸಾಂದ್ರತೆ ಬಹಳ ಹತ್ತಿರ, ಹಾಗಾಗಿ ಅದು ಬಹುತೇಕ ಮುಳುಗಿಯೇ ತೇಲುತ್ತದೆ. ಕರಗಿದ ಹನಿಗಳು ಮಾತ್ರ ಒಂದೊಂದಾಗಿ ತಳಕ್ಕಿಳಿಯುತ್ತವೆ.